ದೇವರ ಕೋಣೆಯ ಮೇಲಿನ ಅಟ್ಟ

"ಒಪ್ಕೊಳ್ಳಲೇ ಬೋಳಿಮಗನೇ! ಎಪ್ಪತ್ತು ದಾಟಿದ್ ಮುದುಕೀನ ತಳ್ಳಾಕೆ ನಿಂಗೆ ಕೈ ಹೆಂಗಾದ್ರೂ ಬಂತೋ?"

ತೀರ್ಥೇಶನ ಚಪ್ಪಲಿ ಕಾಲು ಉಗ್ರಪ್ಪನ ತೊಡೆಗೆ ಬಿತ್ತು. ಅಂಗಳದಲ್ಲಿ ಮೊಣಕಾಲೂರಿ ಕೂತಿದ್ದ ಉಗ್ರಪ್ಪ ಒಂದು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾದ. ಜಗಲಿಯ ಮೇಲೆ ಊರವರು ಕೂತಿದ್ದರು. ಕಾಯಿ ಸುಲಿದ ಮಟ್ಟೆಯ ರಾಶಿಯಾಚೆ ಕೇರಿಯವರು ನಿಂತಿದ್ದರು. ಅವರ ನಡುವೆ ಹಾಲಮ್ಮ ಮಗಳು ಭವ್ಯಳನ್ನು ಸೆರಗಿನೊಳಗೆ ಅವುಚಿಕೊಂಡಿದ್ದಳು. ಅವಳ ಒಂದು ಅಂಗೈ ಮಗಳ ಬಾಯಿಯ ಹತ್ತಿರವೇ ಇತ್ತು.

"ನಾನು ತಳ್ಳಿಲ್ಲ ಅಣ್ಣೋರೇ. ಹಿತ್ಲ ಬಾಗ್ಲಿಂದ ಈಚೆಗೇ ನಿಂತಿದ್ದೆ. ನಾಳೆಯಿಂದ ಮಗೀನ ಅಟ್ಟಕ್ಕೆ ಕಳ್ಸಲ್ಲ, ಸ್ಕೂಲಿಗೆ ಹೋಗ್ಲಿ ಅಂತ ಅಮ್ಮೋರಿಗೆ ಹೇಳಾಕೆ ಬಂದಿದ್ದೆ. ಹೇಳಿ ಹೊಂಟೋದೆ."

"ಯಾವ ಅಟ್ಟವೋ?" ತೀರ್ಥೇಶ ಜಗಲಿಯ ಕಡೆ ತಿರುಗಿದ. "ಕೇಳಿದ್ರಾ ಇವನ್ ಮಾತಾ? ಕೆಳಗೆ ದೇವ್ರ ಕೋಣೆ ಇಟ್ಕೊಂಡು, ಮ್ಯಾಲೆ ಇವರನ್ನ ಹತ್ತುಸ್ತೀವಾ ನಾವು?"

ಜಗಲಿಯ ಮೇಲಿದ್ದವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರಲ್ಲಿ ಅಟ್ಟವಿಲ್ಲದ ಮನೆಯವರು ಯಾರೂ ಇರಲಿಲ್ಲ.

ಭವ್ಯ ಏಣಿಯ ಕಡೆ ನೋಡಿದಳು. ಯಾವ ಅಟ್ಟ ಎಂದರೆ ಏನರ್ಥ? ಗೋಡೆಗೆ ಒರಗಿಸಿದ ಏಣಿ ಎಲ್ಲರ ಕಣ್ಣೆದುರೇ ಇತ್ತಲ್ಲ!

ಕೊಬ್ಬರಿಯಾಗಲು ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ತನಕ ಒಣಗಬೇಕು. ಅಡಿಗೆಮನೆಯ ಬಿಸಿ ತಾಗಲೆಂದು ಅಟ್ಟದ ನೆಲವನ್ನು ಸಂದು ಬಿಟ್ಟು ಬಿದಿರಿನಿಂದ ಹೆಣೆದಿರುತ್ತಾರೆ. ಹೆಂಚು ಇಳಿಜಾರಾಗಿ ಕೆಳಗೆ ಬರುವ ಮೂಲೆಗಳಲ್ಲಿ ದೊಡ್ಡವರ ಮೈ ಹಿಡಿಯುವುದಿಲ್ಲ. ಅಲ್ಲಿ ಹೊಟ್ಟೆಯ ಮೇಲೆ ತೆವಳಿ, ಒಂದೊಂದು ಕಾಯನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡು ಸದ್ದು ಮಾಡಿದ್ದನ್ನು ಬೇರೆ ಮಾಡಬೇಕು. ಅದಕ್ಕೆ ಕೇರಿಯ ಮಕ್ಕಳೇ ಆಗಬೇಕು. ಅಡಿಗೆಮನೆಯೊಳಗಿನಿಂದಲೂ ಮೆಟ್ಟಿಲಿತ್ತು, ಆದರೆ ಅದು ಕೇರಿಯವರಿಗಲ್ಲ. ಹೊರಗೋಡೆಯ ಕಿಂಡಿಗೆ ಏಣಿ ಹಾಕಿಸಿ ತೀರ್ಥೇಶನ ತಾಯಿ ಸುಲೋಚನಮ್ಮ, "ಅದು ಒಳಗೆ ಬಂದಂಗಲ್ಲ ಬಿಡು, ಹತ್ತಿದಂಗೆ ಅಷ್ಟೇ" ಎಂದು ತೀರ್ಪು ಕೊಟ್ಟಿದ್ದಳು. ಭವ್ಯ ಇಳಿದು ಹೋದ ಮೇಲೆ ಮುದುಕಿ ದೇವರ ಕೋಣೆಗೆ ಗಂಜಲ ಚಿಮುಕಿಸುತ್ತಿದ್ದಳು. ಕಾಯಿಗೆ ಮಾತ್ರ ಚಿಮುಕಿಸುತ್ತಿರಲಿಲ್ಲ. ನೀರು ಬಿದ್ದರೆ ಕೊಬ್ಬರಿ ಬೂಸಲು ಹಿಡಿಯುತ್ತದೆ.

ತೀರ್ಥೇಶನ ಮಗಳು ನಿಶ್ಚಿತಾ ಭವ್ಯಳ ತರಗತಿಯವಳೇ. ಭವ್ಯ ಶಾಲೆ ತಪ್ಪಿಸಿದ ದಿನಗಳಲ್ಲಿ ಅವಳು ಮನೆಗೆ ಬಂದವಳೇ ಕೆಳಗೆ ನಿಂತು, "ಲೇ ಇಲಿ, ಬದುಕಿದೀಯೇನೇ?" ಎಂದು ಕೂಗುತ್ತಿದ್ದಳು. ಪೊರಕೆ ಕಡ್ಡಿಯ ತುದಿಗೆ ಬೆಲ್ಲ ಅಂಟಿಸಿ ಸಂದಿಯಿಂದ ಮೇಲೆ ಚಾಚುತ್ತಿದ್ದಳು. ಆವತ್ತಿನ ಪಾಠವನ್ನೆಲ್ಲ ಹೇಳುತ್ತಿದ್ದಳು, ತಪ್ಪಿದ್ದರೆ ಇಬ್ಬರೂ ತಪ್ಪನ್ನೇ ಕಲಿಯುತ್ತಿದ್ದರು. ಹೊರಗೆ ಮಾತ್ರ ಹಾಲಮ್ಮ ಮಗಳಿಗೆ, "ಅವ್ವಾವ್ರು ಅನ್ನು ಕಣೇ, ಹೆಸ್ರಿಡಿದು ಕೂಗ್ಬ್ಯಾಡ" ಎಂದು ತಲೆಗೆ ಮೊಟಕುತ್ತಿದ್ದಳು.

ನಿನ್ನೆ ಉಗ್ರಪ್ಪ ಬಂದು ಹೇಳಿಹೋದ ಮೇಲೆ, ಹಿಡಿದ ಕೆಲಸ ಮುಗಿಸಲೆಂದು ಭವ್ಯ ದೇವರ ಕೋಣೆಯ ಮೇಲಿನ ಮೂಲೆಯಲ್ಲಿ ತೆವಳುತ್ತಿದ್ದಳು. ಕೆಳಗೆ ತೀರ್ಥೇಶ ತಾಯಿಯ ಹತ್ತಿರ ಕೊಬ್ಬರಿ ಉಗ್ರಾಣದ ಬೀಗದ ಕೈ ಕೇಳಿದ. ಚಿಕ್ಕ ಮಗ ಬರದೆ ಕೊಡುವುದಿಲ್ಲ ಎಂದಳು ಸುಲೋಚನಮ್ಮ. ಅವನು ಅವಳ ಸೊಂಟಕ್ಕೆ ಕೈ ಹಾಕಿ ಗೊಂಚಲನ್ನು ಜಗ್ಗಿದ. ಮುದುಕಿ ಜಗ್ಗಿದ ಕಡೆಗೇ ತಿರುಗಿ, ಹೊಸ್ತಿಲು ಎಡವಿ ಬಿದ್ದಳು. ಕೂಗು ಕೇಳಿ ನಿಶ್ಚಿತಾ ಓಡಿಬಂದಳು. ಅಪ್ಪನ ಕೈಯಲ್ಲಿದ್ದ ಗೊಂಚಲು ನೋಡಿದಳು. ಆಮೇಲೆ ಯಾಕೋ ತಲೆಯೆತ್ತಿ ಮೇಲೆ ನೋಡಿದಳು. ಸಂದಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.

ಸಂಜೆ ಗುಡಿಸಲಲ್ಲಿ ಭವ್ಯ ಇಷ್ಟನ್ನೂ ಹೇಳಿದ್ದಳು. ಹಾಲಮ್ಮ ಬಾಗಿಲು ಹಾಕಿದಳು. "ದೇವ್ರ ತಲೆ ಮ್ಯಾಲೆ ಮಲಗಿದ್ದೆ ಅಂತ ಬಾಯಿಬಿಟ್ರೆ ನಮ್ಮನ್ನ ಉಳಿಸ್ತಾರೇನೇ?"

"ಅವ್ರೇ ಅಲ್ವೇನವ್ವಾ ಹತ್ಸಿದ್ದು?"

ಹಾಲಮ್ಮ ಅವಳ ಬಾಯಿಗೆ ಅಂಗೈ ಒತ್ತಿದ್ದಳು.

"ನೋಡಪ್ಪಾ ಉಗ್ರಪ್ಪ," ಪಂಚಾಯ್ತಿ ಮೆಂಬರ್ ಬೀರಪ್ಪ ಗಂಟಲು ಸರಿಮಾಡಿಕೊಂಡ. "ಜೀಪು ಬಂದ್ರೆ ನಮ್ ಕೈಯಾಗಿರಲ್ಲ. ಅಮ್ಮೋರ ಕಾಲಿಗ್ ಬಿದ್ದು ತಪ್ಪಾಯ್ತು ಅನ್ನು. ಹೆಂಡ್ರು ಮಕ್ಳನ್ನ ಕರ್ಕೊಂಡು ಊರು ಬಿಡ್ತೀನಿ ಅನ್ನು. ಮೊಬೈಲ್ನಾಗೆ ವಿಡಿಯೋ ಮಾಡ್ಕೊಂಡು ಇಲ್ಲಿಗೇ ಮುಗಿಸ್ಬಿಡಾಣ. ನಿನ್ನ ಒಳ್ಳೇದಕ್ಕೇ ಹೇಳ್ತಿರಾದು ಕಣೋ."

"ಮಾಡ್ದೇ ಇರಾದ್ನ ಹೆಂಗ್ ಒಪ್ಲಿ ಬೀರಣ್ಣಾ?"

"ನಿಂಗ್ಯಾಕ್ ಬೇಕೋ ಅದೆಲ್ಲಾ? ಒಪ್ಪಿದ್ರೆ ಊರು ಬಿಡಾದಷ್ಟೇ, ಇಲ್ದಿದ್ರೆ ಜೈಲು."

ಬಾಗಿಲ ಪಕ್ಕದ ಮಂಚದ ಮೇಲೆ ಕಾಲಿಗೆ ಬಿಳಿ ಕಟ್ಟು ಹಾಕಿಸಿಕೊಂಡು ಸುಲೋಚನಮ್ಮ ಮಲಗಿದ್ದಳು. ಕಡೂರಿನ ಆಸ್ಪತ್ರೆಯಿಂದ ಬೆಳಿಗ್ಗೆ ತಾನೇ ಕಾರಿನಲ್ಲಿ ಕರೆತಂದಿದ್ದರು. "ಅಮ್ಮಾ, ಯಾರು ತಳ್ಳಿದ್ದು? ಎಲ್ರ ಮುಂದೆ ಹೇಳು," ಎಂದ ತೀರ್ಥೇಶ. ಮುದುಕಿ ಮಗನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿ, "ಉಗ್ರನೇ" ಎಂದಳು.

ಭವ್ಯ ಅವ್ವನ ಅಂಗೈ ಕಚ್ಚಿದಳು. ಕೈ ಸಡಿಲವಾಯಿತು.

"ಸುಳ್ಳು! ಅಪ್ಪ ಅಲ್ಲ! ತೀರ್ಥೇಶಣ್ಣಾರು ಬೀಗದ ಕೈ ಕಿತ್ಕೊಂಡ್ರು, ಆಗ ಅಮ್ಮಾರು ಬಿದ್ರು. ನಾನು ನೋಡ್ದೆ!"

ತೀರ್ಥೇಶನ ದನಿ ಈಗ ಮೆತ್ತಗಾಯಿತು. "ಎಲ್ಲಿಂದ ನೋಡ್ದೆ ಮರೀ?"

"ಅಟ್ಟದಿಂದ."

"ನಮ್ಮಟ್ಟಕ್ಕೆ ನೀನು ಹತ್ತಿದ್ಯಾ?"

ಹೌದೆಂದರೂ ಕೆಟ್ಟಿತು, ಇಲ್ಲವೆಂದರೂ ಕೆಟ್ಟಿತು. ಭವ್ಯಳಿಗೆ ಅದು ಆಗಷ್ಟೇ ಹೊಳೆಯಿತು. ಆದರೂ ಬಾಗಿಲಿಗೆ ಒರಗಿ ನಿಂತಿದ್ದ ಗೆಳತಿಯನ್ನು ಕಂಡು ಅವಳಿಗೆ ಜೀವ ಬಂತು. "ನಿಶ್ಚಿತಾನೂ ನೋಡವ್ಳೆ! ಅವಳ್ನೇ ಕೇಳಿ! ಹೇಳೇ ನಿಶ್ಚಿತಾ!"

"ಏನವ್ವಾ, ನೋಡಿದ್ಯಾ?" ಎಂದ ಬೀರಪ್ಪ.

ನಿಶ್ಚಿತಾ ಅಪ್ಪನ ಕಡೆ ನೋಡಲಿಲ್ಲ, ಭವ್ಯಳ ಕಡೆಯೂ ನೋಡಲಿಲ್ಲ. ಶಾಲೆಯಲ್ಲಿ ಪದ್ಯ ಒಪ್ಪಿಸುವಂತೆ ಹೇಳಿದಳು. "ಅವ್ರು ಯಾರೂ ನಮ್ಮನೆ ಒಳಗೆ ಬರಲ್ಲ."

"ಮುಗೀತಲ್ಲ!" ಯಾರೋ ಜಗಲಿಯಿಂದ ನಕ್ಕರು. "ಮೆಟ್ಟಿನಷ್ಟಿಲ್ಲ, ನಾಲಿಗೆ ನೋಡ್ಲಾ ಅದರದ್ದು."

ತೀರ್ಥೇಶ ಮಟ್ಟೆ ರಾಶಿಯ ಕಡೆ ಹೆಜ್ಜೆ ಹಾಕಿದ್ದೇ ತಡ, ಉಗ್ರಪ್ಪ ಬಾಯಿಬಿಟ್ಟ. "ಮಗೀಗೆ ಏನೂ ಮಾಡ್ಬ್ಯಾಡಿ ಅಣ್ಣೋರೇ. ವಿಡಿಯೋ ಮಾಡ್ಕಳಿ. ತಪ್ಪಾಯ್ತು. ಊರು ಬಿಡ್ತೀನಿ." ಬೀರಪ್ಪ ಮೊಬೈಲ್ ಎತ್ತಿ ಹಿಡಿದ. "ಹಿಂಗಲ್ಲ, ಇತ್ಲಾಗ್ ತಿರುಗು. ಬೆಳಕಿಲ್ಲ ಅಲ್ಲಿ. ಇನ್ನೊಂದ್ ಸಲ ಹೇಳು." ಅಪ್ಪ ಮೊಣಕಾಲಿನ ಮೇಲೇ ಬೆಳಕಿಗೆ ತಿರುಗಿಕೊಂಡದ್ದನ್ನು ಭವ್ಯ ನೋಡಿದಳು.

ಅವಳು ಓಡಿದಳು. ಅವ್ವನ ಕಡೆಗಲ್ಲ, ಅಪ್ಪನ ಕಡೆಗೂ ಅಲ್ಲ. ಯಾರಾದರೂ ಹಿಡಿಯುವಷ್ಟರಲ್ಲಿ ಏಣಿಯ ಅರ್ಧ ಹತ್ತಿದ್ದಳು. ಕಿಂಡಿಯಲ್ಲಿ ನುಸುಳಿ, ಕಾಯಿಗಳ ಮೇಲೆ ತೆವಳಿ ಮೂಲೆ ಸೇರಿ, ಸಂದಿಗೆ ಕಣ್ಣಿಟ್ಟಳು.

"ಕೇಳಿಸ್ತಾ ಐತಾ? ಇಲ್ಲಿಂದ ದೇವ್ರ ಕೋಣೆ ಕಾಣ್ತೈತೆ! ಲೈಟು ಉರೀತೈತೆ! ಮಂಟಪದ ಮುಂದೆ ದೀಪದ ಎಣ್ಣೆ ಬಾಟ್ಲಿ ಐತೆ! ಮಂಟಪದ ತಲೆ ಮ್ಯಾಲೆ ಸತ್ತ ಹಲ್ಲಿ ಬಿದ್ದೈತೆ! ಕೆಳಗಿಂದ ಕಾಣಲ್ಲ, ಸ್ಟೂಲ್ ಹಾಕ್ಕೊಂಡು ನೋಡಿ! ಇಲ್ಲೇ ಮಲಗಿದ್ದೆ ನಾನು!"

ಕೇರಿಯ ಕಡೆಯಿಂದ ಒಂದು ನಗೆ ಸಿಡಿದು, ಅಲ್ಲೇ ಅಡಗಿತು. "ಮೊಬೈಲ್ ಆಫ್ ಮಾಡ್ರೋ!" ಎಂದು ತೀರ್ಥೇಶ ಅರಚಿದ್ದು ಕೇಳಿಸಿತು. ಒಳಗೆ ಹೋಗಿ ಮಂಟಪ ನೋಡಿಬರುತ್ತೇನೆ ಎಂದು ಯಾರೂ ಅನ್ನಲಿಲ್ಲ. ಹೊರಗೋಡೆಯ ಮೇಲೆ ಮರ ಉಜ್ಜುವ ಸದ್ದಾಯಿತು. ಕಿಂಡಿಯಲ್ಲಿ ಕಾಣುತ್ತಿದ್ದ ಏಣಿಯ ಎರಡು ತುದಿಗಳು ಒಮ್ಮೆ ಅಲುಗಿ, ಇಲ್ಲವಾದವು.

"ಬಿದ್ದಿರ್ಲಿ ಅಲ್ಲೇ! ಯಾವನ್ ಇಳಿಸ್ತಾನೋ ನೋಡ್ತೀನಿ ನಾನು!"

"ನನ್ ಮಗಾ..." ಹಾಲಮ್ಮನ ಕೂಗು. ಮೇಲಿಂದ ಮೇಲೆ ಏಟುಗಳು. ಅಪ್ಪನಿಗೋ ಅವ್ವನಿಗೋ ತಿಳಿಯಲಿಲ್ಲ. ಹೆಂಚಿನ ಕಾವಿಗೆ ಭವ್ಯಳ ಬೆನ್ನು ಬೇಯುತ್ತಿತ್ತು. ಅಡಿಗೆಮನೆಯ ಮೆಟ್ಟಿಲ ಬಾಗಿಲಿಗೆ ಯಾರೋ ಅಗುಳಿ ಹಾಕಿದರು.

ಕೆಳಗೆ ಹೆಜ್ಜೆ ಸದ್ದಾಯಿತು. ನಿಶ್ಚಿತಾ ದೇವರ ಕೋಣೆಗೆ ಬಂದು ನಿಂತಳು. ಕತ್ತೆತ್ತಿ ಅದೇ ಸಂದಿಯನ್ನು ನೋಡಿದಳು.

"ಹೇಳೇ," ಎಂದಳು ಭವ್ಯ, ಮೆಲ್ಲಗೆ. "ಈಗ್ಲಾದ್ರೂ ಹೋಗಿ ಹೇಳೇ."

ನಿಶ್ಚಿತಾ ಗೋಡೆಗೆ ಕೈ ಚಾಚಿ ಸ್ವಿಚ್ ಆರಿಸಿದಳು.

ಕಿಟಕಿಯಿಲ್ಲದ ಕೋಣೆ. ಮಂಟಪ, ಹೊಸ್ತಿಲು, ನಿಶ್ಚಿತಾ ಯಾವುದೂ ಕಾಣಲಿಲ್ಲ. ಆ ಕತ್ತಲಲ್ಲಿ ಇನ್ನೊಬ್ಬಳ ಉಸಿರು ಮಾತ್ರ ಕೇಳುತ್ತಿತ್ತು. ಭವ್ಯ ಸಂದಿಗೆ ಬಾಯಿಟ್ಟು, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ನಿನ್ನೆ ಕಂಡದ್ದನ್ನು ಮೊದಲಿಂದ ಹೇಳತೊಡಗಿದಳು.