ನಾನು ನುಂಗಿದ ಎರಡು ಫ್ರೇಮು

ನಾನು ಒಂದು ಜಾಯಿನರ್. ನನ್ನನ್ನು ನೋಡಿ ಯಾರೂ ಹೆದರುವುದಿಲ್ಲ, ಹೆದರುವವನು ನಾನೇ. ಸಿನಿಮಾ ಎಂದರೆ ಕೈಯಲ್ಲಿ ಹಿಡಿಯುವ ರೀಲು ಎಂಬ ಕಾಲದಲ್ಲಿ, ಅದನ್ನು ಕತ್ತರಿಸುವುದಕ್ಕೂ ಕತ್ತರಿಸಿದ್ದನ್ನು ಅಂಟಿಸುವುದಕ್ಕೂ ನನ್ನಂಥವರು ಬೇಕಾಗಿತ್ತು. ಅಂಗೈಯಗಲದ ಕಬ್ಬಿಣದ ಪೀಠ, ರೀಲಿನ ತೂತುಗಳಲ್ಲಿ ಕೂರುವ ನಾಲ್ಕು ಹಲ್ಲು, ಮೇಲಿನಿಂದ ಇಳಿಯುವ ಅಲಗು, ಒತ್ತಿ ಹಿಡಿಯಲು ಒಂದು ಮುಚ್ಚಳ. ನನ್ನ ಮೈ ಇಷ್ಟೇ.

ಮದರಾಸಿನ ಕೋಡಂಬಾಕ್ಕಂನ ಒಂದು ಲೇತ್ ಅಂಗಡಿಯಲ್ಲಿ ನಾನು ಹುಟ್ಟಿದೆ. ನನ್ನನ್ನು ಕಡೆದವನು ಅಲಗಿನ ಹರಿತ ನೋಡಲು ತನ್ನ ಹೆಬ್ಬೆರಳಿನ ಉಗುರನ್ನೇ ಕೊಟ್ಟ. ಉಗುರಿನ ತುದಿ ಸದ್ದಿಲ್ಲದೆ ಹಾರಿಹೋಯಿತು. ಅವನು ನಕ್ಕ, ನಾನು ನಡುಗಿದೆ. ಕತ್ತರಿಸುವವನಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಗಿಹೋಯಿತು.

ಅಲ್ಲಿಂದ ನಾನು ಸೇರಿದ್ದು ಹತ್ತಿರದ ಒಂದು ಲ್ಯಾಬೊರೇಟರಿಯ ನೆಗೆಟಿವ್ ಕೋಣೆಗೆ. ಆಗ ಬಹಳಷ್ಟು ಕನ್ನಡ ಚಿತ್ರಗಳು ಮದರಾಸಿಗೆ ಬಂದೇ ಹುಟ್ಟಬೇಕಿತ್ತು. ಎಡಿಟರುಗಳು ಪಾಸಿಟಿವ್ ಪ್ರತಿಯನ್ನು ಹೇಗೆ ಬೇಕಾದರೂ ಕತ್ತರಿಸಿ ಆಟವಾಡಬಹುದು, ಹಾಳಾದರೆ ಇನ್ನೊಂದು ಪ್ರತಿ ತೆಗೆಯಬಹುದು. ನೆಗೆಟಿವ್ ಹಾಗಲ್ಲ. ಅದು ಕ್ಯಾಮೆರಾದೊಳಗೆ ಓಡಿದ ಮೂಲ ರೀಲು, ಇರುವುದು ಒಂದೇ. ರೀಲಿನ ಅಂಚಿನಲ್ಲಿ ಅಡಿಗೊಂದರಂತೆ ಸಾಸಿವೆ ಗಾತ್ರದ ನಂಬರು ಇರುತ್ತದೆ. ಎಡಿಟರು ಕೊಟ್ಟ ಪಟ್ಟಿಯ ನಂಬರಿಗೆ ಅದನ್ನು ಹೊಂದಿಸಿ ನನ್ನ ಅಲಗನ್ನು ಇಳಿಸಬೇಕು. ಇಳಿಸಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ಮೊದಲಿನಂತೆ ಮಾಡಲಾರ.

ನನ್ನ ಮೊದಲ ಒಡೆಯ ದೊರೆಸ್ವಾಮಿ. ಬಿಳಿ ಹತ್ತಿ ಕೈಗವಸು ತೊಟ್ಟು ಪ್ರತಿ ನಂಬರನ್ನೂ ಮೂರು ಸಲ ಬಾಯಿಬಿಟ್ಟು ಓದುತ್ತಿದ್ದ. ಮೊದಲು ಪಟ್ಟಿಯಲ್ಲಿ, ಆಮೇಲೆ ನೆಗೆಟಿವಿನಲ್ಲಿ, ಕೊನೆಗೆ ಅಲಗಿನ ಕೆಳಗೆ. ಕೋಲಾರದಿಂದ ಕೆಲಸಕ್ಕೆ ಸೇರಿದ ಅಂಬುಜಾಕ್ಷಿಗೂ ಅದನ್ನೇ ಕಲಿಸಿದ. "ಮನಸ್ಸಲ್ಲಿ ಓದಬೇಡಮ್ಮ. ಮನಸ್ಸು ಸುಳ್ಳು ಹೇಳ್ತದೆ, ಬಾಯಿ ಸಿಕ್ಕಿಬೀಳ್ತದೆ" ಎನ್ನುತ್ತಿದ್ದ. ಒಂದು ದಿನ ಅವನು ಕನ್ನಡಕ ಹಾಕಿಕೊಂಡು ಬಂದ. ಮ್ಯಾನೇಜರ್ ವರದರಾಜುಲು ಬಾಗಿಲಲ್ಲೇ ನಿಂತು ಅವನ ಮುಖವನ್ನು ನೋಡಿದ. "ಕಣ್ಣು ಹೋದವರ ಕೈಗೆ ನಾನು ನೆಗೆಟಿವ್ ಕೊಡಲ್ಲ ದೊರೆಸ್ವಾಮಿ. ನಾಳೆಯಿಂದ ಬರಬೇಡ" ಎಂದ. ಮೂವತ್ತು ವರ್ಷದ ಕೈಗವಸುಗಳನ್ನು ಮಡಚಿ ನನ್ನ ಪಕ್ಕದಲ್ಲಿಟ್ಟು ದೊರೆಸ್ವಾಮಿ ಹೊರಟುಹೋದ. ಅಂಬುಜಾಕ್ಷಿ ಅದನ್ನು ನೋಡುತ್ತಾ ನಿಂತಿದ್ದಳು. ನಾನು ಅವಳ ಪಾಲಾದೆ, ಆ ಭಯವೂ ಅವಳ ಪಾಲಾಯಿತು.

ಅವಳನ್ನು ಎಲ್ಲರೂ ಅಂಬುಜಕ್ಕ ಎನ್ನುತ್ತಿದ್ದರು. ಹತ್ತು ವರ್ಷ ಅವಳ ಕೈ ಒಮ್ಮೆಯೂ ತಪ್ಪಲಿಲ್ಲ. ಆ ಹತ್ತು ವರ್ಷದಲ್ಲಿ ನನ್ನ ಹಲ್ಲಿನ ಮೇಲೆ ಎಷ್ಟೋ ನಿರ್ದೇಶಕರು ಹಾದುಹೋದರು. ಜನ ಅವರನ್ನು ಪರದೆಯ ಮೇಲೆ ನೋಡಿ ಅಳೆಯುತ್ತಾರೆ, ನಾನು ಅವರನ್ನು ಅಡಿಗಳ ಲೆಕ್ಕದಲ್ಲಿ, ತುಂಡುಗಳ ಉದ್ದದಲ್ಲಿ ಅಳೆಯುತ್ತಿದ್ದೆ. ಇಬ್ಬರನ್ನು ಮಾತ್ರ ಮರೆಯಲಾರೆ. ಒಬ್ಬರು ಮಂಗಳೂರಿನ ಕಡೆಯ ಚಂದ್ರಹಾಸ ಬಲ್ಲಾಳರು, ಇನ್ನೊಬ್ಬರು ಧಾರವಾಡದ ನೀಲಕಂಠ ಹೊಸಮನಿಯವರು.

ವಿಚಿತ್ರವೆಂದರೆ ಒಂದೇ ವಾರ ಇಬ್ಬರ ಚಿತ್ರಗಳೂ ನಮ್ಮ ಮೇಜಿಗೆ ಬಂದವು, ಎರಡರಲ್ಲೂ ಒಂದೇ ತರದ ದೃಶ್ಯ. ಮನೆಯಲ್ಲಿ ಒಂಟಿ ಹೆಂಗಸು, ಬಾಗಿಲ ಹೊರಗೆ ಯಾರದೋ ಹೆಜ್ಜೆ. ಬಲ್ಲಾಳರು ಅದನ್ನು ಒಂದು ನಿಮಿಷಕ್ಕೆ ನಲವತ್ತೊಂದು ತುಂಡು ಮಾಡಿದ್ದರು. ಚಿಲಕ, ಕಣ್ಣು, ಚಪ್ಪಲಿ, ಗಡಿಯಾರದ ಮುಳ್ಳು, ಮತ್ತೆ ಚಿಲಕ, ಬೆವರು. ನನ್ನ ಅಲಗಿಗೆ ಉಸಿರಾಡಲು ಬಿಡುವಿರಲಿಲ್ಲ. ಹೊಸಮನಿಯವರು ಅದನ್ನು ನಾಲ್ಕು ನಿಮಿಷದ ಒಂದೇ ಶಾಟಿನಲ್ಲಿ ತೆಗೆದಿದ್ದರು. ಹೆಂಗಸು ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ, ಹೆಜ್ಜೆ ಕೇಳಿಸುತ್ತದೆ, ಅವಳು ಆರಿಸುತ್ತಲೇ ಇರುತ್ತಾಳೆ, ಕೊನೆಯ ಹೊತ್ತಿಗೆ ತಲೆ ಎತ್ತುತ್ತಾಳೆ. ಕ್ಯಾಮೆರಾ ಒಂದಿಂಚೂ ಅಲುಗುವುದಿಲ್ಲ. ಬಲ್ಲಾಳರ ಭಯ ಮೈಮೇಲೆ ಬಂದು ಬೀಳುವಂಥದ್ದು, ಬಿದ್ದ ಮೇಲೆ ಎದ್ದು ನಗಬಹುದು. ಹೊಸಮನಿಯವರ ಭಯ ಪಕ್ಕದಲ್ಲಿ ಬಂದು ಕೂರುತ್ತದೆ, ಏಳು ಎಂದರೂ ಏಳುವುದಿಲ್ಲ. ಯಾರು ಹೆಚ್ಚು ಎಂದು ಕೇಳಬೇಡಿ. ನನಗಂತೂ ಎರಡೂ ಸಾಕಾಗಿತ್ತು.

ಆ ವೇಳೆಗೆ ನನಗೂ ಅಂಬುಜಕ್ಕನಿಗೂ ಮಾತ್ರ ಗೊತ್ತಿದ್ದ ಒಂದು ಗುಟ್ಟಿತ್ತು. ಅವಳ ಕಣ್ಣು ಮಂಜಾಗುತ್ತಿತ್ತು. ನೆಗೆಟಿವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದಳು, ಬಾಗಿಲ ಸದ್ದಾದರೆ ತಟ್ಟನೆ ದೂರ ಸರಿಸುತ್ತಿದ್ದಳು. ಕನ್ನಡಕ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಊರಲ್ಲಿ ಹಾಸಿಗೆ ಹಿಡಿದ ಅಕ್ಕ, ಅಕ್ಕನ ಇಬ್ಬರು ಮಕ್ಕಳು ಅವಳ ಈ ಎರಡು ಕಣ್ಣನ್ನೇ ನಂಬಿಕೊಂಡಿದ್ದರು.

ಬಲ್ಲಾಳರ ಚಿತ್ರದಲ್ಲಿ ಅವಳು ಪಾರಾದಳು. ಎರಡು ಅಡಿಗೊಮ್ಮೆ ಚಿತ್ರವೇ ಬದಲಾಗುತ್ತದೆ, ನಂಬರು ಕಾಣದಿದ್ದರೂ ಇದು ಚಿಲಕ, ಇದು ಚಪ್ಪಲಿ ಎಂದು ಗುರುತು ಸಿಗುತ್ತದೆ. ಹೊಸಮನಿಯವರ ಶಾಟಿನಲ್ಲಿ ಅಂಥ ಗುರುತು ಯಾವುದೂ ಇಲ್ಲ. ಮುನ್ನೂರ ಅರವತ್ತು ಅಡಿಯಲ್ಲೂ ಅದೇ ಹೆಂಗಸು, ಅದೇ ಮೊರ. ಹಿಡಿಯಲು ಇರುವುದು ಅಂಚಿನ ನಂಬರೊಂದೇ.

ಪಟ್ಟಿಯಲ್ಲಿ ಇದ್ದದ್ದು ಐದು ಮೂರು ಎಂಟು ಆರು. ಅಲ್ಲಿ ಶಾಟು ಮುಗಿಯಬೇಕು. ಬೆಳಿಗ್ಗೆ ಹನ್ನೊಂದು ಗಂಟೆ. ಅಂಬುಜಕ್ಕ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು. ನೆಗೆಟಿವನ್ನು ಕಣ್ಣಿಗೆ ಹಿಡಿದು, ತಡವರಿಸಿ, ಮತ್ತೆ ಅದನ್ನೇ ಗಟ್ಟಿಯಾಗಿ ಹೇಳಿದಳು. ಮೂರನೇ ಸಲ, ನನ್ನ ಅಲಗಿನ ಕೆಳಗೆ ಓದುವಾಗ, ಅವಳು ನೋಡಲಿಲ್ಲ. ಬಾಯಿಪಾಠ ಒಪ್ಪಿಸಿಬಿಟ್ಟಳು. ನನ್ನ ಹಲ್ಲಿನ ಪಕ್ಕದಲ್ಲಿದ್ದದ್ದು ಐದು ಮೂರು ಮೂರು ಆರು. ನನಗೆ ಕಾಣುತ್ತಿತ್ತು. ಬೇಡ ಅಕ್ಕಾ ಎಂದು ಚೀರಬೇಕೆನಿಸಿತು, ಕಬ್ಬಿಣಕ್ಕೆ ಎಲ್ಲಿಯ ಬಾಯಿ? ಅಲಗು ಇಳಿಯಿತು.

ಕಡಿದ ಮೇಲೆ, ಉಳಿದ ತುಂಡುಗಳನ್ನು ನೇತುಹಾಕುವ ಬಿನ್ನಿನಲ್ಲಿ ಐವತ್ತು ಅಡಿ ಉದ್ದದ ತುಂಡು ನೇತಾಡುತ್ತಿತ್ತು. ಅಷ್ಟು ಉಳಿಯಬಾರದು. ಅಂಬುಜಕ್ಕ ಅದನ್ನು ಕೈಯಲ್ಲಿ ಎಳೆದಳು, ಅಡಿ ಎಣಿಸಿದಳು, ಮತ್ತೆ ಎಣಿಸಿದಳು. ಸರಿಯಾಗಿ ಹೆಂಗಸು ತಲೆ ಎತ್ತುವ ಜಾಗದಲ್ಲಿ ನಾನು ಕಚ್ಚಿದ್ದೆ. ಎರಡನೇ ಟೇಕ್ ಇರಲಿಲ್ಲ. ಅಂಟಿಸಬಹುದು, ಆದರೆ ಒಂದರ ಅಂಚನ್ನು ಹೆರೆದು ಇನ್ನೊಂದರ ಮೇಲೆ ಕೂರಿಸಬೇಕು. ಅದಕ್ಕೆ ಎರಡು ಫ್ರೇಮು ಬಲಿ.

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಹೆರೆದಳು, ಘಾಟಿನ ಅಂಟು ಸವರಿದಳು, ನನ್ನ ಮುಚ್ಚಳವನ್ನು ಒತ್ತಿ ಹಿಡಿದಳು. ನಾನೂ ಬಿಗಿಯಾಗಿ ಹಿಡಿದೆ. ಎರಡು ಫ್ರೇಮು ನನ್ನ ಪೀಠದ ಮೇಲೆ ಪುಡಿಯಾಗಿ ಬಿದ್ದಿತ್ತು. ಅವಳು ಅದನ್ನು ಊದಿ ಸೆರಗಿನಲ್ಲಿ ಒರೆಸಿದಳು, ಯಾರಿಗೂ ಹೇಳಲಿಲ್ಲ.

ಆಮೇಲಿನ ಒಂಬತ್ತು ದಿನ ಅವಳು ಡಬ್ಬಿಯ ಊಟವನ್ನು ಹಾಗೇ ವಾಪಸು ಒಯ್ದಳು. ಕಾರಿಡಾರಿನಲ್ಲಿ ಬೂಟಿನ ಸದ್ದಾದರೆ ಸಾಕು, ಕೈಯಲ್ಲಿದ್ದ ರೀಲು ಜಾರುತ್ತಿತ್ತು. ಹತ್ತನೆಯ ದಿನ ಮೊದಲ ಪ್ರಿಂಟನ್ನು ಪರದೆಯ ಮೇಲೆ ಹಾಕಿದರು. ಅವಳು ತಲೆನೋವೆಂದು ಹೋಗಲಿಲ್ಲ. ಪ್ರದರ್ಶನ ಮುಗಿಯಿತು. ಬೂಟಿನ ಸದ್ದಲ್ಲ, ಮೆತ್ತನೆ ಚಪ್ಪಲಿಯ ಸದ್ದು ನಮ್ಮ ಕೋಣೆಯ ಕಡೆಗೇ ಬಂತು. ಹೊಸಮನಿಯವರ ಚಿತ್ರದ ಹೆಂಗಸು ಕೇಳಿಸಿಕೊಂಡದ್ದೂ ಅಂಥದ್ದೇ ಇರಬೇಕು.

"ಅಂಬುಜಮ್ಮ, ಆ ಮೊರದ ಶಾಟಿಂದು ನೆಗೆಟಿವ್ ಸ್ವಲ್ಪ ತೋರಸ್ರಿ" ಎಂದರು ಹೊಸಮನಿಯವರು.

ಅವಳು ತೆಗೆದುಕೊಟ್ಟಳು. ಅವರು ಕೈಗವಸು ತೊಟ್ಟು, ರೀಲನ್ನು ಬೆರಳ ನಡುವೆ ಬಿಡುತ್ತಾ ಹೋದರು. ಅಂಟಿಸಿದ ಗಂಟು ಬಂದಲ್ಲಿ ಬೆರಳು ನಿಂತಿತು.

"ಎಷ್ಟು ಹೋಗ್ಯಾವು?"

"ಎರಡು, ಸಾರ್."

ಅವರು ಆ ಗಂಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವಳ ಕಣ್ಣನ್ನು ನೋಡಿದರು. ರೀಲನ್ನು ಜೋಪಾನವಾಗಿ ಸುತ್ತಿ ಕೊಟ್ಟು, ಬಾಗಿಲ ತನಕ ಹೋಗಿ ತಿರುಗಿದರು.

"ಕನ್ನಡಕ ಮಾಡಿಸ್ಕೋರಿ."

ಬೇರೆ ಯಾರಿಗಾದರೂ ಅದು ಸಾಧಾರಣ ಮಾತು. ಅಂಬುಜಕ್ಕನಿಗೆ ಅದು ಮನೆಗೆ ಹೋಗು ಎಂದಂತೆ ಕೇಳಿಸಿತು. ಕನ್ನಡಕ ಹಾಕಿದ ದಿನವೇ ದೊರೆಸ್ವಾಮಿ ಹೋದದ್ದು. ಎರಡು ದಿನ ಅವಳು ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಡಬ್ಬಿ ತರದೆ, ಬರಿಗೈಯಲ್ಲಿ ಬಂದು ಕೂತಳು. ವರದರಾಜುಲು ಬಂದ, ಅವಳ ಮುಖ ನೋಡಿದ.

"ಹೊಸಮನಿಯೋರು ಹೇಳಿ ಹೋಗವ್ರೆ. ಅವರ ಮುಂದಿನ ಪಿಕ್ಚರ್ ನೆಗೆಟಿವ್ ನಿನ್ನ ಕೈಯಿಂದಲೇ ಆಗಬೇಕಂತೆ" ಎಂದು ಗೊಣಗಿ ಹೋದ. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅವಳ ಕಣ್ಣೀರು ನನ್ನ ತಿರುಪಿಗೆ ತಾಗಿ ಅಲ್ಲಿ ಸಣ್ಣ ತುಕ್ಕು ಹಿಡಿದಿದೆ, ಈಗಲೂ ಇದೆ.

ಭಯ ಅಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಅದು ಬಣ್ಣ ಬದಲಿಸಿತು ಅಷ್ಟೇ. ಚಿತ್ರ ಬಿಡುಗಡೆಯಾಯಿತು. ಎರಡು ಫ್ರೇಮು ಇಲ್ಲದ್ದರಿಂದ ಹೆಂಗಸು ತಲೆ ಎತ್ತುವಾಗ ಚಿತ್ರ ತಟ್ಟನೆ ಹಾರಿ ಒಂದು ಜರ್ಕು ಬರುತ್ತಿತ್ತು, ಅದನ್ನು ಪತ್ರಿಕೆಗಳವರು ಹಾಡಿ ಹೊಗಳಿದರು. ಎಲ್ಲೂ ಕತ್ತರಿ ಹಾಕದ ನಿರ್ದೇಶಕ ಇಲ್ಲೊಂದೇ ಕಡೆ ಹಾಕಿದ್ದಾನೆ, ಕಾಲವನ್ನೇ ಕತ್ತರಿಸಿದ್ದಾನೆ ಎಂದು ಬರೆದರು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದವರಿಗೆ ಹೊಸಮನಿಯವರು ನಕ್ಕು ಮಾತು ಬದಲಿಸುತ್ತಿದ್ದರಂತೆ. ತನ್ನ ಬಾಯಿ ಜಾರಿದರೆ ತನ್ನನ್ನು ಉಳಿಸಿದವರು ನಗೆಪಾಟಲಾಗುತ್ತಾರೆ ಎಂದು ಅಂಬುಜಕ್ಕ ಹೆದರಿದಳು. ಆ ಚಿತ್ರವನ್ನು ಒಮ್ಮೆಯೂ ನೋಡಲಿಲ್ಲ. ಟೈಟಲಿನಲ್ಲಿ ಅವಳ ಹೆಸರೂ ಇರಲಿಲ್ಲ.

ರೀಲುಗಳ ಕಾಲ ಮುಗಿದು ಲ್ಯಾಬು ಬಾಗಿಲು ಹಾಕಿತು. ನನ್ನ ಜೊತೆಯ ಜಾಯಿನರ್‌ಗಳೆಲ್ಲ ಗುಜರಿಗೆ ಹೋದರು, ನನ್ನನ್ನು ಅವಳು ದೊರೆಸ್ವಾಮಿಯ ಕೈಗವಸಿನಲ್ಲಿ ಸುತ್ತಿ ಕೋಲಾರಕ್ಕೆ ಒಯ್ದಳು. ಬಹಳ ವರ್ಷ ಅವಳ ಬೀರುವಿನ ಮೇಲಿದ್ದೆ. ಆಮೇಲೆ ಬೆಂಗಳೂರಿನ ಒಂದು ಸಿನಿಮಾ ಶಾಲೆಯವರು ಹಳೆಯ ಸಾಮಾನು ಹುಡುಕಿಕೊಂಡು ಬಂದಾಗ ಕೊಟ್ಟುಬಿಟ್ಟಳು. ಈಗ ನನ್ನದು ತರಗತಿಯ ಮೂಲೆಯ ಗಾಜಿನ ಕಪಾಟು.

ಎಂಥ ಮೂಲೆ ಸಿಕ್ಕಿತು ನೋಡಿ! ಅಲ್ಲಿನ ತಿಪ್ಪೇಸ್ವಾಮಿ ಮೇಷ್ಟ್ರು ಪ್ರತಿ ವರ್ಷ ಬಲ್ಲಾಳರ ನಲವತ್ತೊಂದು ತುಂಡನ್ನೂ ಹೊಸಮನಿಯವರ ನಾಲ್ಕು ನಿಮಿಷವನ್ನೂ ಒಂದರ ಹಿಂದೊಂದು ತೋರಿಸಿ ಪಾಠ ಮಾಡುತ್ತಾರೆ. ಒಬ್ಬರು ನಿಮಗೆ ಏನು ನೋಡಬೇಕೆಂದು ಹೇಳುತ್ತಾರೆ, ಇನ್ನೊಬ್ಬರು ನೋಡುತ್ತಲೇ ಇರಿ ಎನ್ನುತ್ತಾರೆ, ಇಂಥ ಒಳ್ಳೆಯ ಮಾತೆಲ್ಲ ಹೇಳುತ್ತಾರೆ. ಜರ್ಕು ಬಂದ ಕೂಡಲೇ ಕೈಯೆತ್ತಿ ನಿಲ್ಲಿಸಿ, "ಯಾಕೆ ಇಲ್ಲೇ ಕಟ್ ಮಾಡಿದರು?" ಎಂದು ಕೇಳುತ್ತಾರೆ. ಪ್ರತಿ ವರ್ಷವೂ ನನ್ನ ಮುಚ್ಚಳ ಅದುರುತ್ತದೆ.

ಈ ವರ್ಷ ಮೇಷ್ಟ್ರು ಅಂಬುಜಕ್ಕನನ್ನೇ ಕರೆಸಿದ್ದರು, ನನ್ನನ್ನು ಬಳಸುವುದು ಹೇಗೆಂದು ಮಕ್ಕಳಿಗೆ ತೋರಿಸಲು. ಆ ಚಿತ್ರದ ನೆಗೆಟಿವ್ ಹಿಡಿದದ್ದು ಅವಳೇ ಎಂದು ಅವರಿಗೆ ಗೊತ್ತಿರಲಿಲ್ಲ. ಎಂಬತ್ತು ದಾಟಿದ ಅವಳು ನನ್ನ ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲು ಪಾಠ ಮುಗಿಯಲಿ ಎಂದು ಮೇಷ್ಟ್ರು ದೀಪ ಆರಿಸಿದರು. ಪರದೆಯ ಮೇಲೆ ಮೊರ ಕಂಡದ್ದೇ ತಡ, ಅಂಬುಜಕ್ಕ ಕನ್ನಡಕ ತೆಗೆದು ಚೀಲಕ್ಕೆ ಹಾಕಿದಳು. ನೋಡುವ ಧೈರ್ಯ ಅವಳಿಗಿರಲಿಲ್ಲ.

ಜರ್ಕು ಬಂತು. ಮೇಷ್ಟ್ರು ನಿಲ್ಲಿಸಿ ಕೇಳಿದರು.

"ಅವಳ ಸಹನೆ ಒಡೆಯೋದನ್ನ ತೋರಿಸೋಕೆ ಸಾರ್" ಎಂದಳು ಒಬ್ಬಳು.

ಮುಂದಿನ ಸಾಲಿನ ಹುಡುಗನೊಬ್ಬ ತಲೆಯಾಡಿಸಿದ. "ನಂಗೆ ಹಾಗನ್ನಿಸಲ್ಲ ಸಾರ್. ಇದು ಮಿಸ್ಟೇಕು. ಕ್ಯಾಮೆರಾಮನ್ ಎಡವಟ್ಟು ಮಾಡಿರ್ತಾನೆ, ಡೈರೆಕ್ಟರ್ ಮುಚ್ಚಿಹಾಕವ್ರೆ."

ಎಲ್ಲರೂ ನಕ್ಕರು. ಅಂಬುಜಕ್ಕ ಕಪಾಟಿನ ಅಂಚು ಹಿಡಿದು ಎದ್ದು ನಿಂತಳು.

"ಕ್ಯಾಮೆರಾದವರನ್ನ ಅನ್ನಬೇಡಪ್ಪ. ಆ ಕ್ಯಾಮೆರಾ ಹುಡುಗ ಒಂದಿಷ್ಟೂ ಅಲುಗಿಸದೆ ತೆಗೆದಿದ್ದ. ಮೂರನ್ನ ಎಂಟು ಮಾಡ್ಕೊಂಡು ಕಡಿದೋಳು ನಾನು. ಹೊಸಮನಿ ಸಾರ್‌ಗೆ ಗೊತ್ತಿತ್ತು. ನನ್ನ ಕೆಲಸ ಹೋಗ್ತದೆ ಅಂತ ಬಾಯಿ ಬಿಡಲಿಲ್ಲ. ನಲವತ್ತೈದು ವರ್ಷ ಹೆದರ್ಕೊಂಡೇ ಇದ್ದೆ. ಇನ್ನು ಆಗಲ್ಲ."

ಮೇಷ್ಟ್ರು ಪರದೆಯನ್ನೂ ಅವಳನ್ನೂ ನೋಡಿದರು. ಅವರ ಇಪ್ಪತ್ತು ವರ್ಷದ ಪಾಠ ಅಲ್ಲಿ ನಿಂತ ಚಿತ್ರದಂತೆ ನಿಂತಿತ್ತು. ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಹತ್ತಿರ ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, "ನೀವು ಪರದೆ ಮೇಲೆ ಇದನ್ನ ನೋಡಿದೀರಾ ಅಮ್ಮ?" ಎಂದು ಕೇಳಿದರು.

"ಇಲ್ಲ."

"ಇನ್ನೊಂದ್ಸಲ ಹಾಕ್ತೀನಿ. ನೋಡಿ."

ಅವಳು ಚೀಲಕ್ಕೆ ಕೈಹಾಕಿ ಕನ್ನಡಕ ತೆಗೆದು ಹಾಕಿಕೊಂಡಳು. ಶಾಟು ಮೊದಲಿನಿಂದ ಶುರುವಾಯಿತು. ಮೊರ, ಅಕ್ಕಿ, ಹೊರಗೆ ಹೆಜ್ಜೆ. ಅಂಬುಜಕ್ಕ ಪಿಸುಗುಟ್ಟುವುದು ನನಗೆ ಕೇಳಿಸುತ್ತಿತ್ತು. ಐದು ಮೂರು ಮೂರು ಆರು, ಐದು ಮೂರು ಮೂರು ಆರು, ಐದು ಮೂರು ಮೂರು ಆರು. ಅಂದು ಅಲಗಿನ ಕೆಳಗೆ ನಿಜಕ್ಕೂ ಇದ್ದ ನಂಬರನ್ನು ಮೂರೂ ಸಲ ಸರಿಯಾಗಿ ಓದಿದಳು. ಹೆಂಗಸು ತಲೆ ಎತ್ತಿದಳು. ತಪ್ಪೆಂದು ಗೊತ್ತಿದ್ದೂ ಇಡೀ ತರಗತಿ ಬೆಚ್ಚಿತು. ಮಿಸ್ಟೇಕು ಎಂದಿದ್ದ ಹುಡುಗನೂ ಬೆಚ್ಚಿದ, ಮೇಷ್ಟ್ರೂ ಬೆಚ್ಚಿದರು, ಕಬ್ಬಿಣವಾದ ನಾನೂ ಬೆಚ್ಚಿದೆ.

ಅಂಬುಜಕ್ಕ ಮಾತ್ರ ಬೆಚ್ಚಲಿಲ್ಲ. ಶಾಟು ಮುಗಿಯುವ ತನಕ ರೆಪ್ಪೆ ಮುಚ್ಚದೆ ನೋಡಿ, ಕಪಾಟು ತೆಗೆಯಿರಿ, ಮಕ್ಕಳಿಗೆ ಅಂಟಿಸುವುದು ಹೇಗೆಂದು ತೋರಿಸುತ್ತೇನೆ ಎಂದಳು.