ಶನಿವಾರದ ಕೋಣೆಗೆ ಬಂದ ಅರುಳಪ್ಪ

ಆ ಮನುಷ್ಯ ನಮ್ಮ ಕನ್ನಡ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ದಿನವೇ ನನಗೆ ಸರಿ ಕಾಣಲಿಲ್ಲ. ಎಪ್ಪತ್ತು ದಾಟಿದ ವಯಸ್ಸು, ಕಾಲಿಗೆ ಮಗಳು ಕೊಡಿಸಿದ ಹೊಸ ಬೂಟು, ಹೆಗಲ ಮೇಲೆ ಬಿಳೀ ಟವೆಲ್ಲು. ಆಮ್ಸ್ಟರ್‌ಡ್ಯಾಮಿನ ಪಕ್ಕದ ಈ ಊರಿನಲ್ಲಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ಓಡಾಡುವವರನ್ನು ನಾನಂತೂ ನೋಡಿರಲಿಲ್ಲ. ಇದು ರಾಜಕೀಯದ ಪ್ರಾಣಿ ಎಂದು ನನಗೆ ಅಲ್ಲೇ ಹೊಳೆಯಬೇಕಿತ್ತು.

"ಕನ್ನಡ ಕಿವಿಗೆ ಬಿದ್ದು ತಿಂಗಳಾಯ್ತಮ್ಮ. ಸುಮ್ನೆ ಒಂದ್ ಮೂಲೇಲಿ ಕೂತಿರ್ತೀನಿ" ಅಂದರು.

ನಮ್ಮ ಬೀದಿಯ ನಿರ್ಮಲಾಳ ಅಪ್ಪ. ನಿರ್ಮಲಾ ನೂರ್ಡ್‌ವೈಕಿನ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್. ಊರು ಕೆಜಿಎಫ್, ಮನೆಮಾತು ತಮಿಳು. ಅಪ್ಪ ಬೇಸಿಗೆಗೆಂದು ಬಂದಿದ್ದರು. ಹಿರಿಯರು ಬಾಯಿಬಿಟ್ಟು ಕೇಳಿದಾಗ ಬೇಡ ಎನ್ನುವುದು ಹೇಗೆ? ಕೂತ್ಕೊಳ್ಳಿ ಅಂದೆ.

ಸುಮ್ಮನೆ ಕೂರುವ ಜನವಾ ಅದು! ನಾನು ಮಕ್ಕಳಿಗೆ ಕಾಗುಣಿತ ಹೇಳಿಕೊಡುತ್ತಿದ್ದರೆ, ಬಾಗಿಲ ಬಳಿ ತಂದೆತಾಯಂದಿರು ಮಾತಾಡುವ ಕಡೆಗೆ ಇವರ ಕತ್ತು ತಿರುಗುತ್ತಿತ್ತು. ಎಡಗಿವಿಯನ್ನು ಮುಂದೆ ಮಾಡಿ, ಬಗ್ಗಿ ಬಗ್ಗಿ ಕೇಳುತ್ತಿದ್ದರು. ಬೇರೆಯವರ ಮಾತಿಗೆ ಹೀಗೆ ಕಿವಿ ಕೊಡುವುದು ಮರ್ಯಾದಸ್ಥರ ಲಕ್ಷಣವಾ, ನೀವೇ ಹೇಳಿ. ಒಂದು ದಿನ ತರಗತಿ ಮುಗಿದ ಮೇಲೆ ನನ್ನ ಹತ್ತಿರ ಬಂದು, "ನಿಮ್ದು ಮನೇಲಿ ತುಳು ಅಲ್ವಾಮ್ಮ? ತುಳುಗೆ ಕ್ಲಾಸ್ ಇಲ್ವಾ?" ಎಂದು ಕೇಳಿದರು.

ನನಗೆ ಉರಿದುಹೋಯಿತು. ಹೌದು, ಉಡುಪಿಯವರು ನಾವು, ಮನೆಯಲ್ಲಿ ತುಳು. ಮಗಳು ಅಶ್ವಿತಾ ನಮ್ಮ ತುಳುವಿಗೆ ಡಚ್ಚಿನಲ್ಲಿ ಉತ್ತರ ಕೊಡುತ್ತಾಳೆ. ತುಳು ಕೈಬಿಟ್ಟು ಹೋಯಿತು, ಕನ್ನಡವಾದರೂ ಉಳಿಯಲಿ ಎಂದೇ ಈ ತರಗತಿ ಕಟ್ಟಿದವಳು ನಾನು. ಅದು ನನ್ನ ಹೊಟ್ಟೆಯೊಳಗಿನ ಸಂಕಟ. ಅದಕ್ಕೆ ಬೆರಳು ಹಾಕಲು ಇವರು ಯಾರು?

ಅವತ್ತೇ ಹರಿಪ್ರಸಾದನಿಗೆ ಫೋನ್ ಮಾಡಿದೆ. ನಮ್ಮ ಕನ್ನಡ ಸಂಘದವನು, ಕೋಲಾರದ ಕಡೆಯವನು.

"ಅಯ್ಯೋ ವಸಂತಿ ಅಕ್ಕ, ಅವ್ರು ತಮಿಳ್ ಸ್ಕೂಲ್ ಅರುಳಪ್ಪ ಅಲ್ವಾ!" ಎಂದು ಬೊಬ್ಬೆ ಹಾಕಿದ. "ಚಿನ್ನದ ಗಣೀಲಿ ಕೆಲಸಕ್ಕಿದ್ರು. ಯೂನಿಯನ್ ಲೀಡರ್, ಆಮೇಲೆ ಕೌನ್ಸಿಲರ್. ಎರಡು ಸಲ ಎಮ್ಮೆಲ್ಲೆಗೆ ನಿಂತು ಸೋತ್ರು. ತಮಿಳರು ಇಲ್ಲಿ ಮೈನಾರಿಟಿ, ನಮ್ಮ ಮಕ್ಕಳಿಗೆ ತಮಿಳು ಸ್ಕೂಲ್ ಮುಚ್ಚಬೇಡಿ ಅಂತ ಡಿ.ಸಿ. ಆಫೀಸ್ ಮುಂದೆ ಕೂತು ಜೈಲಿಗೂ ಹೋಗ್ ಬಂದವ್ರೆ. ಹುಷಾರಕ್ಕ! ಮೊದ್ಲು ಮೂಲೇಲಿ ಕೂರ್ತಾರೆ, ಆಮೇಲೆ ರೂಮೇ ಅವರದ್ದು ಅಂತಾರೆ."

ರೂಮು! ಆ ರೂಮೇ ಆಗ ಕೈತಪ್ಪುವ ಸ್ಥಿತಿಯಲ್ಲಿತ್ತು. ಬಡಾವಣೆಯ ಸಮುದಾಯ ಭವನದಲ್ಲಿ ನಮಗೆ ಶನಿವಾರ ಬಾಡಿಗೆಯಿಲ್ಲದೆ ಕೊಟ್ಟ ಕೋಣೆ ಅದು. ಈಗ ಒಂದು ಯೋಗ ಗುಂಪಿನವರೂ ಅದನ್ನೇ ಕೇಳಿದ್ದರು. ಯಾರಿಗೆ ಎಂದು ಬಡಾವಣೆಯ ಸಮಿತಿ ಸಭೆ ಸೇರಿ ತೀರ್ಮಾನಿಸುವುದಿತ್ತು. ಕೋಣೆ ಹೋದರೆ ತರಗತಿಯೂ ಹೋಗುತ್ತದೆ. ಈ ಊರಿನ ಬಾಡಿಗೆ ಕೊಟ್ಟು ಕನ್ನಡ ಕಲಿಸಲು ನಮ್ಮ ಕೈಯಲ್ಲಿ ಆಗುತ್ತದಾ?

ನನ್ನ ಗಂಡ ಜಯಕರ ಸಂಘದ ಕಾರ್ಯದರ್ಶಿ. ಆಮ್ಸ್ಟರ್‌ಡ್ಯಾಮಿನ ಜೈಡಾಸ್ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ, ಯಾರ ಮೇಲೂ ಸಂಶಯಪಡದ ಸಾಧು ಪ್ರಾಣಿ. "ಎಂತ ಮಾರಾಯ್ತಿ, ಪಾಪದ ಮುದುಕರು. ಹೊತ್ತು ಹೋಗ್ಲಿಕ್ಕೆ ಬರ್ತಾರೆ" ಅಂದರು.

"ಪಾಪದವರು ಜೈಲಿಗೆ ಹೋಗ್ತಾರಾ?" ಅಂದೆ.

ಮುಂದಿನ ವಾರ ನನ್ನ ಕಣ್ಣಿಗೇ ಬಿತ್ತು. ಮಾರುಕಟ್ಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ. ಭವನದ ಕೆಳಗಿನ ಕಚೇರಿಯ ದೊಡ್ಡ ಗಾಜಿನೊಳಗೆ ಅದೇ ಬಿಳೀ ಟವೆಲ್ಲು. ಎದುರಿಗೆ ಕೋಣೆಗಳ ಉಸ್ತುವಾರಿಯ ಮರೈಕೆ. ಅರುಳಪ್ಪ ಬಗ್ಗಿಕೊಂಡು ಏನೋ ಹೇಳುತ್ತಿದ್ದಾರೆ, ಅವಳು ತಲೆಯಾಡಿಸುತ್ತ ಕಂಪ್ಯೂಟರಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ನನ್ನನ್ನು ಕಂಡು ಅವರು ಕೈ ಎತ್ತಿ ನಕ್ಕರು. ಕಳ್ಳನಿಗೆ ಇಷ್ಟು ಧೈರ್ಯವಾ ಎನಿಸಿ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಮನೆಗೆ ಬಂದವಳೇ ಮರೈಕೆಗೆ ಫೋನ್ ಮಾಡಿದೆ. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಶನಿವಾರದ ಕೋಣೆಯ ವಿಷಯಕ್ಕೆ ಸಭೆಯಲ್ಲಿ ಮಾತಾಡಲು ಅರುಳಪ್ಪನವರು ತಮ್ಮ ಹೆಸರು ಕೊಟ್ಟಿದ್ದಾರಂತೆ.

"ಅವರು ನಮ್ಮವರಲ್ಲ" ಎಂದು ಡಚ್ಚಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದೆ. "ನಮ್ಮ ಸಂಘದಲ್ಲೂ ಇಲ್ಲ, ನಮ್ಮ ಭಾಷೆಯವರೂ ಅಲ್ಲ. ಆ ಹೆಸರು ತೆಗೆದುಬಿಡು."

"ಸರಿ. ಅವರಿಗೂ ಹೀಗೇ ತಿಳಿಸುತ್ತೇನೆ. ಬದಲಿಗೆ ಯಾರು ಮಾತಾಡುತ್ತಾರೆ? ನಾಳೆ ಮಧ್ಯಾಹ್ನದೊಳಗೆ ಒಂದು ಹೆಸರು ಬೇಕು."

"ನಾವೆಲ್ಲರೂ ಬರುತ್ತೇವೆ" ಅಂದೆ.

"ಎಲ್ಲರೂ?"

"ಎಲ್ಲರೂ."

ನಮ್ಮ ಕಡೆ ಒಂದು ಕಚೇರಿಯ ಕೆಲಸ ಆಗಬೇಕೆಂದರೆ ಹೇಗೆ ಹೋಗುತ್ತೇವೆ? ಹತ್ತು ಮಂದಿ ಒಟ್ಟಾಗಿ ಹೋಗುತ್ತೇವೆ. ದೊಡ್ಡವರಿಗೊಂದು ಶಾಲು, ಒಂದು ಹಾರ, ಕೈಗೊಂದು ಸ್ವೀಟಿನ ಡಬ್ಬ. ಆಮೇಲೆ ಒಬ್ಬರು ಎದ್ದು ಎರಡು ಮಾತು ಹೇಳುತ್ತಾರೆ. ಅದಕ್ಕೆ ಮೊದಲೇ ಹೆಸರು ಬರೆಸುವುದುಂಟಾ? ನಾನು ಮೈಸೂರುಪಾಕ್ ಮಾಡಿದೆ. ಜಯಕರ ಊರಿಂದ ತಂದಿದ್ದ ಜರಿ ಶಾಲಿಗೆ ಇಸ್ತ್ರಿ ಹಾಕಿದರು.

ಸಭೆಯ ಸಂಜೆ ಗಂಡಸರು ಪಂಚೆ, ಹೆಂಗಸರು ರೇಷ್ಮೆಸೀರೆ, ಮಕ್ಕಳೂ ಕೂಡಿ ಅರ್ಧ ಸಭಾಂಗಣ ನಾವೇ ತುಂಬಿದೆವು. ಹಿಂದಿನ ಸಾಲಿನಲ್ಲಿ ಅರುಳಪ್ಪ ಒಬ್ಬರೇ ಕೂತಿದ್ದರು. ಹೆಸರು ತೆಗೆಸಿದ ಮೇಲೂ ಬಂದಿದ್ದಾರಲ್ಲ, ಇನ್ನೇನು ಕಿತಾಪತಿ ಉಂಟೋ ಎಂದು ನಾನು ತಿರುಗಿ ತಿರುಗಿ ನೋಡುತ್ತಿದ್ದೆ.

ನಮ್ಮ ವಿಷಯ ಬಂತು. ಯೋಗ ಗುಂಪಿನ ಒಬ್ಬಳು ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಿದಳು. ಮುದುಕರ ಮಂಡಿನೋವು, ಒಂಟಿತನ, ಎಲ್ಲ ಹೇಳಿದಳು. ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, "ಭಾಷಾ ತರಗತಿಯ ಪರವಾಗಿ ಮಾತಾಡಲು ಯಾರೂ ಹೆಸರು ಕೊಟ್ಟಿಲ್ಲ" ಅಂದಳು.

ಜಯಕರ ಶಾಲು ಹಿಡಿದುಕೊಂಡು ಎದ್ದು ನಿಂತರು. ಅವಳು ನಗುತ್ತಲೇ ಕೂರಲು ಹೇಳಿದಳು. ಹೆಸರು ಕೊಡುವ ಅವಧಿ ನಿನ್ನೆ ಮಧ್ಯಾಹ್ನಕ್ಕೆ ಮುಗಿಯಿತಂತೆ, ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲವಂತೆ. ಸಮಿತಿಯ ಸದಸ್ಯರ ಕೈ ಎತ್ತಿಸಿದರು, ಎಣಿಸಿದರು. ಕೋಣೆ ಯೋಗಕ್ಕೆ ಹೋಯಿತು. ಅಶ್ವಿತಾ ನನ್ನ ಸೆರಗು ಜಗ್ಗಿ, "ಅಮ್ಮಾ, ನೆಕ್ಸ್ಟ್ ಸ್ಯಾಟರ್ಡೇ ಕ್ಲಾಸ್ ಎಲ್ಲಿ?" ಎಂದು ಕೇಳಿದಳು.

ಹೊರಗಿನ ಪಡಸಾಲೆಯಲ್ಲಿ ಅರುಳಪ್ಪ ಕೋಟು ಹಾಕಿಕೊಳ್ಳುತ್ತಿದ್ದರು. ನಾನು ನೇರ ಹೋಗಿ ಎದುರಿಗೆ ನಿಂತೆ. ಅಳು ಬರುವಾಗ ನನಗೆ ಸಿಟ್ಟೂ ಬರುತ್ತದೆ, ಅದು ನನ್ನ ಹುಟ್ಟುಗುಣ.

"ನೀವು ತಮಿಳ್ ಕ್ಲಾಸಿಗೆ ರೂಮ್ ಕೇಳ್ಲಿಕ್ಕೇ ಅಲ್ವಾ ಹೆಸರು ಕೊಟ್ಟದ್ದು? ನಿಜ ಹೇಳಿ."

ಅವರು ಕತ್ತು ತಿರುಗಿಸಿ ಎಡಗಿವಿ ಮುಂದೆ ಮಾಡಿದರು. "ಈ ಕಡೆ ಬಂದು ಹೇಳಮ್ಮ. ಗಣೀಲಿ ಸಿಡಿಮದ್ದು ಹೊಡೆದೂ ಹೊಡೆದೂ ಬಲಗಿವಿ ಹೋಗೈತೆ."

ಎಡಕ್ಕೆ ಹೋಗಿ ಮತ್ತೆ ಕೇಳಿದೆ. ಈ ಸಲ ದನಿ ಅಷ್ಟು ಗಟ್ಟಿಯಿರಲಿಲ್ಲ.

"ಹೂಂ, ಕೇಳೋನಿದ್ದೆ" ಅಂದರು, ಒಂದಿಷ್ಟೂ ಅಳುಕಿಲ್ಲದೆ. "ಭಾನುವಾರಕ್ಕೆ. ಮೊದ್ಲು ನಿಮ್ಮ ಶನಿವಾರ ಉಳಿಸ್ಕೊಂಡು ಆಮೇಲೆ. ನಿಮಗೇ ರೂಮ್ ಇಲ್ದೆ ಹೋದ್ರೆ ನನ್ನ ಮೊಮ್ಮಗಳ ತಮಿಳಿಗೆ ಯಾರಮ್ಮ ಕೊಡ್ತಾರೆ? ಕಡಿಮೆ ಜನ ಇರೋರಿಗೆ ಬಾಗಿಲು ಒಂದೇ ಇರೋದು. ಒಬ್ರಿಗೆ ಮುಚ್ಚಿದ್ರೆ ಎಲ್ಲರಿಗೂ ಮುಚ್ಚುತ್ತೆ."

"ಮತ್ತೆ ಇವತ್ತು ಯಾಕೆ ಬಂದ್ರಿ? ಮರೈಕೆ ಹೇಳಿರಬೇಕಲ್ಲ, ನಾನು..."

"ಹೇಳಿದ್ಳು. 'ಅವರು ನಿಮ್ಮನ್ನ ನಮ್ಮವರಲ್ಲ ಅಂತಾರೆ' ಅಂತ ಇಂಗ್ಲಿಷಲ್ಲಿ ಹೇಳಿದ್ಳು." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಕೋಲಾರದಲ್ಲಿ ಐವತ್ತು ವರ್ಷ ಕೇಳಿದ ಮಾತೇ. ಹಾಲೆಂಡಲ್ಲಿ ಇದೇ ಮೊದಲು. ಆದ್ರೂ ನಿಮ್ಮ ಕಡೆ ಒಂದು ತಲೆ ಜಾಸ್ತಿ ಕಾಣ್ಲಿ ಅಂತ ಬಂದೆ."

ಇದಕ್ಕಿಂತ ಅವರು ನನಗೆ ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೈಸೂರುಪಾಕಿನ ಡಬ್ಬ ಕೈಯಲ್ಲೇ ಇತ್ತು. ಅದನ್ನು ಅವರ ಮುಂದೆ ಚಾಚಿದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, "ತುಪ್ಪ ಜೋರಾಗೇ ಹಾಕಿದೀರ" ಅಂದರು. ಆಮೇಲೆ ನಿಧಾನವಾಗಿ, "ತೀರ್ಮಾನಕ್ಕೆ ಆಕ್ಷೇಪಣೆ ಹಾಕೋಕೆ ಆರು ವಾರ ಟೈಮ್ ಐತಮ್ಮ. ಹೆಸರು ಕೊಟ್ಟ ದಿನಾನೇ ಆಯಮ್ಮನ ಹತ್ರ ಕೇಳಿಟ್ಕೊಂಡಿದ್ದೆ. ಸೋತ್ರೆ ಮುಂದೇನು ಅಂತ ಮೊದ್ಲೇ ಕೇಳಿಟ್ಕೋಬೇಕು, ಅದು ನಮ್ಮ ಅಭ್ಯಾಸ" ಅಂದರು.

ಸೋಮವಾರ ಬೆಳಿಗ್ಗೆ ಇಬ್ಬರೂ ಮರೈಕೆಯ ಕಚೇರಿಗೆ ಹೋದೆವು. ಆಕ್ಷೇಪಣೆ ಬರೆಸಿಕೊಂಡು ಅವಳು ಕೇಳಿದಳು, "ಈ ಸಲ ಮಾತಾಡುವವರು?"

"ಅರುಳಪ್ಪ" ಅಂದೆ.

ಮರೈಕೆ ಕೀಲಿಮಣೆಯಿಂದ ಕೈ ತೆಗೆದಳು. ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಅವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದಳು, "ಆದರೆ ಇವರು ನಿಮ್ಮವರಲ್ಲ ಎಂದು ನೀವೇ ಹೇಳಿದ್ದಿರಿ?"

ಭಾನುವಾರದ ತಮಿಳು ತರಗತಿಯ ವಿಷಯ ನನ್ನ ತಲೆಯಲ್ಲಿ ಇನ್ನೂ ಕೊರೆಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಹೇಳಿದೆ: "ನಮ್ಮವರೇ."

ನಾನು ನಿಂತಿದ್ದದ್ದು ಅವರ ಬಲಗಡೆ. ಅವರು ಕತ್ತು ತಿರುಗಿಸಿ, ಬಗ್ಗಿ, ಎಡಗಿವಿಯನ್ನು ನನ್ನ ಕಡೆ ತಂದರು.

"ಏನಂದ್ರಿ ಅಮ್ಮ? ಕೇಳಿಸ್ಲಿಲ್ಲ."

ನಾನು ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದೆ.