ಜೇಡಪ್ಪ ಒರೆಸಿದ ಕೋಣೆ

ಸಿನಿಮಾದವರಿಗೆ ದೆವ್ವವೆಂದರೆ ಕಸ ಗುಡಿಸಲು ಬಾರದ ಹೆಂಗಸು. ಎಂಥ ಶ್ರೀಮಂತ ಬಂಗಲೆಯಾಗಲಿ, ಅವಳು ಕಾಲಿಟ್ಟ ಮೇಲೆ ಅಲ್ಲಿ ಪೊರಕೆ ಆಡುವುದಿಲ್ಲ. ಈ ನಂಬಿಕೆಯ ಮೇಲೆಯೇ ಜೇಡಪ್ಪನ ಒಲೆ ಉರಿಯುತ್ತಿತ್ತು. ಸೆಟ್ಟಿನಲ್ಲಿ ಜೇಡರ ಬಲೆ ಕಟ್ಟುವವನಾದ್ದರಿಂದ ಅವನಿಗೆ ಆ ಹೆಸರು. ತಾಯಿ ಇಟ್ಟದ್ದನ್ನು ಎಲ್ಲರೂ ಮರೆತಿದ್ದರು. ರಬ್ಬರ್ ದ್ರಾವಣವನ್ನು ಬಲೆ ಹಾರಿಸುವ ಗನ್ನಿಗೆ ತುಂಬಿ, ಅದರ ಮೂತಿಯ ಪುಟ್ಟ ಫ್ಯಾನಿನ ಗಾಳಿಗೆ ಎಳೆಎಳೆಯಾಗಿ ಹಾರಿಸಿ, ಮೇಲೆ ಜರಡಿ ಹಿಡಿದ ಮಣ್ಣು ಉದುರಿಸಿದರೆ ನೂರು ವರ್ಷ ಹಳೆಯ ಬಲೆ ಎರಡು ಗಂಟೆಯಲ್ಲಿ ಸಿದ್ಧ.

ಈ ಸಲದ ಸಿನಿಮಾ ಮಾತ್ರ ಅವನ ತಂಗಿಯ ಕಾದಂಬರಿಯದು. ಅದರಲ್ಲಿ ಬಾವಲಿಯಿಲ್ಲ, ಹೊಗೆಯಿಲ್ಲ. ಹೆಂಡತಿ ಸತ್ತ ಒಬ್ಬಾತ ಅವಳ ಕೋಣೆಯನ್ನು ದಿನಾ ಬೆಳಿಗ್ಗೆ ಒರೆಸುತ್ತಾನೆ. ಅವಳ ಬಾಚಣಿಗೆಯನ್ನು ಒರೆಸಿ, ಇದ್ದಲ್ಲೇ, ಇದ್ದ ಹಾಗೇ ಇಡುತ್ತಾನೆ. ಮದುವೆಯಾಗಿ ಬಂದ ಎರಡನೆಯವಳು ಬಾಗಿಲಲ್ಲಿ ನಿಂತು ಆ ಹೊಳಪನ್ನು ನೋಡಿಯೇ ನಡುಗುತ್ತಾಳೆ. ಅಷ್ಟೇ. ಪುಸ್ತಕವನ್ನು ನಿರ್ದೇಶಕನ ಕೈಗೆ ಒಯ್ದು ಕೊಟ್ಟವನು ಜೇಡಪ್ಪನೇ.

"ಸಿನಿಮಾದವ್ರು ಏನು ಬೇಕಾದ್ರೂ ಮಾಡ್ಕೊಳ್ಳಲಿ. ಆ ಕೋಣೆ ಒಂದನ್ನ ಕಾಪಾಡು, ಅಣ್ಣ," ಎಂದಿದ್ದಳು ತಂಗಿ.

"ನಾನಿರೋವಾಗ ನಿನಗ್ಯಾಕೆ ಚಿಂತೆ?" ಎಂದು ಅವನು ಎದೆ ತಟ್ಟಿಕೊಂಡಿದ್ದ.

ನಿರ್ದೇಶಕ ಬೆನ್ನುಡಿ ಮಾತ್ರ ಓದಿದ್ದ. ಕೋಣೆಯ ನಡುವೆ ನಿಂತು ಕೈ ಚಾಚಿ, "ಇಲ್ಲಿಂದ ಅಲ್ಲೀತನಕ ಬಲೆ ಹೊಡಿ, ಜೇಡಪ್ಪ. ಎರಡನೇ ಹೆಂಡ್ತಿ ಅದನ್ನ ಕೈಯಲ್ಲಿ ಸರಿಸ್ಕೊಂಡು ಬರ್ಬೇಕು," ಎಂದ.

"ಸಾರ್, ಅವನು ದಿನಾ ಒರೆಸ್ತಾನಲ್ಲ? ಬಲೆ ಎಲ್ಲಿಂದ ಬರುತ್ತೆ?"

"ಭಯ ಎಲ್ಲಿಂದ ಬರುತ್ತೆ, ಅದನ್ನ ಹೇಳು. ಲಕಲಕ ಅಂತಿದ್ರೆ ಜನ ಸೋಪಿನ ಜಾಹೀರಾತು ಅಂದ್ಕೋತಾರೆ."

ಸುತ್ತಲಿನವರು ನಕ್ಕರು. ಕೆಲಸ ಕೊಡುವವನ ಜೋಕಿಗೆ ನಗದೆ ಇರುವ ವಿದ್ಯೆ ಆ ಕಸುಬಿನಲ್ಲಿ ಯಾರಿಗೂ ಬಾರದು.

ಜೇಡಪ್ಪ ಬೆಳಿಗ್ಗೆ ಬಲೆ ಕಟ್ಟಿದ. ಎಲ್ಲರೂ ಊಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು, ಒದ್ದೆ ಬಟ್ಟೆ ಹಿಡಿದು, ಒಂದೆಳೆ ಬಿಡದೆ ಒರೆಸಿದ. ಕನ್ನಡಿ, ಮಂಚದ ಕಾಲು, ಕೊನೆಗೆ ಬಾಚಣಿಗೆ.

ಊಟ ಮುಗಿಸಿ ಬಂದ ನಿರ್ದೇಶಕನ ಮುಖ ನೋಡುವ ಹಾಗಿತ್ತು. "ಏನಯ್ಯಾ ಇದು! ತಲೆ ಕೆಟ್ಟಿದೆಯಾ?"

"ಪುಸ್ತಕದಲ್ಲಿರೋ ಹಾಗೆ ಮಾಡ್ದೆ, ಸಾರ್."

"ಪುಸ್ತಕ ನೋಡೋಕೆ ಯಾವನಯ್ಯಾ ಟಿಕೆಟ್ ತಗೋತಾನೆ?"

ಮತ್ತೆ ಬಲೆ ಕಟ್ಟಲು ಎರಡು ಗಂಟೆ ಬೇಕು. ಕಿಟಕಿಯಲ್ಲಿ ಉಳಿದಿದ್ದ ಬಿಸಿಲು ಒಂದು ಗಂಟೆಯದು. ನಾಯಕಿ ನಾಳೆಯೇ ಇನ್ನೊಂದು ಸಿನಿಮಾಕ್ಕೆ ಹೊರಡುವವಳು. ಹಲ್ಲು ಕಡಿಯುತ್ತಲೇ ಕ್ಯಾಮರಾ ಓಡಿಸಿದರು. ನಾಯಕಿ ಒಳಗೆ ನಡೆದಳು. ಸರಿಸಲು ಬಲೆಯೇ ಇಲ್ಲದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೈಗೆ ಒತ್ತಿಕೊಂಡಳು. ಹೊಳೆಯುವ ಬಾಚಣಿಗೆಯನ್ನು ನೋಡಿದಳು. ಅವಳ ಕತ್ತಿನ ನರ ಒಮ್ಮೆ ಅದುರಿತು. ಲೈಟ್ ಹಿಡಿದವನೂ ಉಸಿರು ಬಿಗಿಹಿಡಿದ.

"ಕಟ್," ಎಂದ ನಿರ್ದೇಶಕ. "ಬಲೆ ಆಮೇಲೆ ಕಂಪ್ಯೂಟರಲ್ಲಿ ಹಾಕ್ಸೋಣ ಬಿಡಿ."

ಮೊದಲ ಪ್ರದರ್ಶನಕ್ಕೆ ಅಣ್ಣ ತಂಗಿ ಒಟ್ಟಿಗೆ ಹೋದರು. ಪರದೆಯ ಮೇಲೆ ಕೋಣೆ ಬಂತು. ಸೂರಿನಿಂದ ನೆಲದವರೆಗೆ ಕಂಪ್ಯೂಟರಿನ ಬಲೆ, ಅದರಲ್ಲಿ ಮುಷ್ಟಿಗಾತ್ರದ ಜೇಡ. ನಾಯಕಿ ಆ ಬಲೆಯೊಳಗಿಂದಲೇ ಸಲೀಸಾಗಿ ನಡೆದುಹೋದಳು, ಒಂದೆಳೆಯೂ ಅಲುಗಲಿಲ್ಲ.

"ಲೋ, ದೆವ್ವ ಇವಳೇ ಕಣೋ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕೂಗಿದ. ಇಡೀ ಥಿಯೇಟರು ಕಿರುಚಿತು. ಆ ಸುಳಿವನ್ನು ತಾನು ಆರು ತಿಂಗಳು ತಲೆ ಕೆಡಿಸಿಕೊಂಡು ಇಟ್ಟದ್ದೆಂದು ವಾರದೊಳಗೆ ನಿರ್ದೇಶಕ ಸಂದರ್ಶನ ಕೊಟ್ಟ. ಪತ್ರಿಕೆಯವರು ಅದನ್ನೂ ನಂಬಿದರು.

ಥಿಯೇಟರಿನ ಮೆಟ್ಟಿಲಲ್ಲಿ ತಂಗಿ ಒಂದೇ ಮಾತು ಕೇಳಿದ್ದಳು: "ನನ್ನ ಕೋಣೆ ಎಲ್ಲಣ್ಣ?"

"ಬಲೆ ಹಿಂದೆ ಇದೆ ಕಣಮ್ಮ," ಎಂದಿದ್ದ ಜೇಡಪ್ಪ.

ಆಮೇಲೆ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕಂಪ್ಯೂಟರಿನ ಬಲೆ ಒರೆಸಿದರೆ ಹೋಗುವುದಿಲ್ಲ. ಮೇಲಾಗಿ ಕಂಪ್ಯೂಟರು ಕಾದಂಬರಿ ಓದಿ ಎದುರು ಮಾತಾಡುವುದಿಲ್ಲ.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ತಂಗಿ ಅವನ ಮನೆಗೆ ಬಂದಳು. ಅಣ್ಣ ಬಲೆಯ ಗನ್ನನ್ನು ಒರೆಸುತ್ತಿದ್ದ. ಮೂತಿ, ಫ್ಯಾನಿನ ರೆಕ್ಕೆ, ಹಿಡಿ. ಒರೆಸಿ, ಮೇಜಿನ ಮೇಲೆ ಇದ್ದಲ್ಲೇ, ಇದ್ದ ಹಾಗೇ ಇಟ್ಟ.

"ಕೆಲಸ ಏನಾದ್ರೂ ಬಂತಾ, ಅಣ್ಣ?"

"ಎಲ್ಲಿ ಬರುತ್ತೆ? ದಿನಾ ಒರೆಸ್ದಿದ್ರೆ ಧೂಳು ಕೂರುತ್ತಲ್ಲ, ಅದಕ್ಕೆ. ಬಾ ಒಳಗೆ."

ತಂಗಿ ಬಾಗಿಲಲ್ಲೇ ನಿಂತಿದ್ದಳು.